ಅಕ್ಕ ಮಲಗಿ ಹೋದ ಎರಡು ಕಾರುಗಳು

ನಮ್ಮ ಮನೆಯಲ್ಲಿ ಎರಡು ಕಾರು ಇದ್ದವು ಎಂದರೆ ಕೇಳಿದವರು ನಾವು ಅನುಕೂಲಸ್ಥರು ಎಂದುಕೊಳ್ಳುತ್ತಾರೆ. ಹಾಗೇನಿರಲಿಲ್ಲ. ಎರಡೂ ಬಾಡಿಗೆಗೆ ಓಡುತ್ತಿದ್ದವು, ಎರಡೂ ಬೇರೆಯವರು ಓಡಿಸಿ ಸಾಕಾಗಿ ಬಿಟ್ಟ ಗಾಡಿಗಳು. ಅಪ್ಪನದು ಡೀಸೆಲ್ ಅಂಬಾಸಿಡರ್, ಹೊಸಪೇಟೆಯ ಗುತ್ತಿಗೆದಾರರೊಬ್ಬರ ಹತ್ತಿರ ಇದ್ದದ್ದು. ಅಪ್ಪನ ತಮ್ಮ ಸಿದ್ದಪ್ಪ, ನಾವು ಕಾಕ ಅನ್ನುತ್ತಿದ್ದೆವು, ಅವನದು ಪೆಟ್ರೋಲ್ ಪದ್ಮಿನಿ. ಅದನ್ನು ದಾವಣಗೆರೆಯ ವಕೀಲರೊಬ್ಬರು ನಾನು ಹುಟ್ಟುವ ಮೊದಲಿನಿಂದ ಓಡಿಸಿದ್ದರು. ಕೊಟ್ಟೂರಿನ ನಮ್ಮ ಓಣಿಯಲ್ಲಿ ಮನೆಯ ಎದುರಿಗೆ ಅಂಗಳ, ಅಂಗಳದ ಪಕ್ಕಕ್ಕೆ ಒಂದು ದನದ ಕೊಟ್ಟಿಗೆ ಇತ್ತು. ದನ ಹೋದ ಮೇಲೆ ಅಲ್ಲಿ ಕಾರು ಬಂದವು. ಎತ್ತುಗಳಿಗೆ ಮೇವು ಹಾಕುತ್ತಿದ್ದ ಗೋದಲಿಯಲ್ಲಿ ಪಾನೆ, ಜಾಕು, ಹಳೇ ಪ್ಲಗ್ಗು, ಎಣ್ಣೆ ಬಟ್ಟೆ ಬಿದ್ದಿರುತ್ತಿದ್ದವು. ಮನೆಯ ಒಳಗೆ ಒಂದು ಪಡಸಾಲೆ, ಎರಡು ಕೋಣೆ, ಒಂದೇ ಅಡಿಗೆಮನೆ. ಅಡಿಗೆಮನೆಯಲ್ಲಿ ಒಲೆ ಮಾತ್ರ ಎರಡು. ಒಂದು ಅವ್ವನದು, ಇನ್ನೊಂದು ಕಾಕನ ಹೆಂಡತಿ ಚಿಗವ್ವನದು. ರೊಟ್ಟಿ ಬೇರೆ ಬೇರೆ ಬೇಯುತ್ತಿದ್ದವು, ಊಟಕ್ಕೆ ಮಾತ್ರ ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಿದ್ದೆವು. ಮನೆ ಒಡೆದಿಲ್ಲ ಎಂದು ಓಣಿಗೆ ತೋರಿಸಲು ಅಷ್ಟು ಸಾಕಾಗಿತ್ತು.

ಬೆಳಗಿನ ಹೊತ್ತು ಎರಡು ಗಾಡಿಗಳೂ ಏಳುವ ರೀತಿಯೇ ಬೇರೆ. ಅಪ್ಪ ಅಂಬಾಸಿಡರಿನಲ್ಲಿ ಕೂತು, ಹೀಟರಿನ ಗುಂಡಿ ಎಳೆದು ಹಿಡಿದು, ಮನಸ್ಸಿನಲ್ಲೇ ಏನೋ ಎಣಿಸುತ್ತಾ ಕಾಯುತ್ತಿದ್ದ. ಆಮೇಲೆ ಅದು ಎರಡು ಸಲ ಕೆಮ್ಮಿ, ಅಂಗಳದ ತುಂಬ ಬಿಳಿ ಹೊಗೆ ಬಿಟ್ಟು, ಮೈಯೆಲ್ಲ ನಡುಗಿಸಿಕೊಂಡು ಏಳುತ್ತಿತ್ತು. ಸ್ಟೇರಿಂಗು ಎಷ್ಟು ಬಿಗಿ ಅಂದರೆ ಓಣಿಯ ಮೂಲೆ ತಿರುಗಿಸಲು ಅಪ್ಪ ಸೀಟಿನಿಂದ ಅರ್ಧ ಏಳುತ್ತಿದ್ದ. ಬ್ರೇಕು ಎರಡು ಸಲ ತುಳಿದರೆ ಹಿಡಿಯುತ್ತಿತ್ತು. ಕಾಕ ಬಂದು ಚೋಕು ಎಳೆದು ಕೀಲಿ ತಿರುಗಿಸಿದರೆ ಪದ್ಮಿನಿ ಒಂದೇ ಮಾತಿಗೆ ಎದ್ದು, ಹಗುರಕ್ಕೆ ತಿರುಗಿ, ಕೋಳಿಗಳನ್ನು ಹಾರಿಸಿಕೊಂಡು ಹೋಗಿಬಿಡುತ್ತಿತ್ತು. ಹೋಗುವಾಗ ಕಾಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಒಂದು ಮಾತು ಎಸೆಯದೆ ಹೋದ ದಿನವಿಲ್ಲ.

"ಅಣ್ಣಾ, ನಿನ್ನ ಎಮ್ಮಿ ಎದ್ದಿಲ್ಲೇನು ಇನ್ನಾ? ಬಾಲ ತಿರುವು, ಏಳ್ತೈತಿ."

"ಹೋಗ್ಲೇ ಸಿದ್ದ್ಯಾ, ನಿನ್ನ ಬೆಂಕಿಪಟ್ಣ ಮಧ್ಯಾಹ್ನ ಬಿಸಲಾಗ ನಿಂತಾಗ ಈ ಎಮ್ಮೀನ ಬಂದು ಎಳಕಂಡು ಬರಬೇಕು, ಗ್ಯಾನ ಇಟ್ಕ."

ಈ ಮಾತಿಗೆ ಮನೆಯೆಲ್ಲ ನಗುತ್ತಿತ್ತು. ಅಕ್ಕ ಹಾಸಿಗೆ ಹಿಡಿಯುವವರೆಗೆ ಆ ನಗು ನಗುವಾಗಿಯೇ ಇತ್ತು.

ಅಕ್ಕ ಶಾಂತ ನನಗಿಂತ ಏಳು ವರ್ಷ ದೊಡ್ಡವಳು. ಮೊದಲು ಬೆನ್ನು ನೋವು ಎಂದಳು. ಕೊಡ ಹೊತ್ತದ್ದಕ್ಕೆ ಇರಬೇಕು ಎಂದು ಅವ್ವ ಬಿಸಿ ಇಟ್ಟಿಗೆಯ ಶಾಖ ಕೊಟ್ಟಳು. ಒಂದು ಬೇಸಿಗೆ ಹಾಗೇ ಹೋಯಿತು. ಆಮೇಲೆ ಜ್ವರ ಬಂತು, ನಡುವಿನ ಮೇಲೆ ಒಂದು ಗಂಟಿನಂತೆ ಮೂಳೆ ಎದ್ದಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಬೆನ್ನುಮೂಳೆಗೆ ಕ್ಷಯ ತಗುಲಿದೆ ಎಂದರು. ಕ್ಷಯ ಎಂಬ ಮಾತು ನಮ್ಮ ಮನೆಯ ಹೊಸಿಲು ದಾಟಲಿಲ್ಲ. ಓಣಿಯವರು ಕೇಳಿದರೆ ಅಟ್ಟದಿಂದ ಬಿದ್ದಳು ಎಂದು ಹೇಳಬೇಕೆಂದು ಅವ್ವ ನನಗೂ ಚಿಗವ್ವನ ಸಣ್ಣ ಮಗಳಿಗೂ ಕಲಿಸಿದ್ದಳು. ಮದುವೆಯಾಗಬೇಕಾದ ಹುಡುಗಿ. ಹದಿನೈದು ದಿನಕ್ಕೊಮ್ಮೆ ದಾವಣಗೆರೆಗೆ ಕರೆದುಕೊಂಡು ಬರಬೇಕು, ಬೆನ್ನು ಅಲುಗಬಾರದು, ಕೂರಿಸಬಾರದು, ಮಲಗಿಸಿಕೊಂಡೇ ಬರಬೇಕು ಎಂದು ವೈದ್ಯರು ಹೇಳಿದ್ದರು. ಕೊಟ್ಟೂರಿನಿಂದ ಹರಪನಹಳ್ಳಿ, ಅಲ್ಲಿಂದ ದಾವಣಗೆರೆ. ಆಗಿನ ಆ ರಸ್ತೆಯಲ್ಲಿ ಗಟ್ಟಿ ಇದ್ದವರ ಬೆನ್ನೇ ಊರು ಮುಟ್ಟುವ ಹೊತ್ತಿಗೆ ಹಣ್ಣಾಗುತ್ತಿತ್ತು.

ಆ ದಿನದಿಂದ ಮನೆಯಲ್ಲಿ ಎರಡು ಕಾರುಗಳ ಮಾತು ತಮಾಷೆಯಾಗಿ ಉಳಿಯಲಿಲ್ಲ. ಅಪ್ಪ ಅಂಬಾಸಿಡರಿನ ಹಿಂದಿನ ಸೀಟಿನ ಮೇಲೆ ಹಲಗೆ ಹಾಕಿ, ಹಲಗೆಯ ಮೇಲೆ ಅವ್ವನ ಎರಡು ಕೌದಿ ಮಡಿಸಿ ಹಾಸಿದ. ಡಿಕ್ಕಿಯಲ್ಲಿ ಎರಡು ಚೀಲ ಜೋಳ ಹೇರಿದ. ಹಿಂದೆ ಭಾರ ಇದ್ದರೆ ಸ್ಪ್ರಿಂಗ್ ಪಟ್ಟಿಗಳು ಬಾಗಿ ಮೆತ್ತಗಾಗುತ್ತವೆ, ಗಾಡಿ ಎಗರುವುದಿಲ್ಲ ಎಂದು ಅವನ ಲೆಕ್ಕ. ಟೈರಿನ ಗಾಳಿಯನ್ನೂ ಸ್ವಲ್ಪ ಇಳಿಸಿದ. ಅಕ್ಕ ಎಡಗಡೆ ಬಾಗಿಲಿಗೆ ತಲೆಯಿಟ್ಟು, ಮೊಣಕಾಲು ಮಡಿಸಿ ಮಲಗುತ್ತಿದ್ದಳು. ಬಲಗಡೆ ಬಾಗಿಲಿಗೆ ಒತ್ತಿಕೊಂಡು ನಾನು. ಅವಳ ಪಾದಗಳು ನನ್ನ ತೊಡೆಯ ಮೇಲೆ. ಅವು ಜಾರದಂತೆ ಎರಡೂ ಕೈಯಲ್ಲಿ ಹಿಡಿದುಕೊಳ್ಳುವುದು ನನ್ನ ಕೆಲಸ. ಮನೆಯಲ್ಲಿ ದೊಡ್ಡವರು ಯಾರೂ ಆ ಜಾಗದಲ್ಲಿ ಹಿಡಿಸುತ್ತಿರಲಿಲ್ಲ, ಅದಕ್ಕೆ ನಾನು. ಆ ಕೆಲಸಕ್ಕಾಗಿ ನಾನು ಶಾಲೆ ಬಿಟ್ಟೆ. ಬಿಡಿಸಿದರು ಎಂದರೆ ಸುಳ್ಳಾಗುತ್ತದೆ, ಸಂತೋಷದಿಂದಲೇ ಬಿಟ್ಟೆ. ಮತ್ತೆ ಪುಸ್ತಕ ಹಿಡಿದು ಹತ್ತನೆಯ ತರಗತಿಯ ಪರೀಕ್ಷೆಗೆ ಕೂತಾಗ ನನ್ನ ಪಕ್ಕದ ಬೆಂಚಿನಲ್ಲಿ ನನ್ನ ಮಗನ ವಯಸ್ಸಿನವರು ಇದ್ದರು.

ಕಾಲು ಹಿಡಿದು ಕೂತ ಎರಡನೇ ಸಲಕ್ಕೇ ನನಗೊಂದು ವಿಷಯ ಗೊತ್ತಾಯಿತು. ಅಕ್ಕ ಬಾಯಿ ಬಿಟ್ಟು ನರಳುತ್ತಿರಲಿಲ್ಲ. ಮುಖ ನೋಡಿದರೂ ತಿಳಿಯುತ್ತಿರಲಿಲ್ಲ, ಸೆರಗು ಮುಚ್ಚಿಕೊಂಡಿರುತ್ತಿದ್ದಳು. ಆದರೆ ಗಾಡಿ ತಗ್ಗಿಗೆ ಇಳಿದಾಗ ಅವಳ ಕಾಲ್ಬೆರಳುಗಳು ನನ್ನ ಅಂಗೈಯೊಳಗೆ ಮುದುಡಿಕೊಳ್ಳುತ್ತಿದ್ದವು. ಸಣ್ಣ ತಗ್ಗಾದರೆ ಸ್ವಲ್ಪ, ದೊಡ್ಡದಾದರೆ ಉಗುರು ನನ್ನ ಚರ್ಮಕ್ಕೆ ನಾಟುವಷ್ಟು. ಅಂಬಾಸಿಡರಿನಲ್ಲಿ ಬೆರಳು ಮುದುಡುವುದು ನಿಧಾನ, ಬಿಡುವುದೂ ನಿಧಾನ. ನನಗೆ ಆ ಗಾಡಿಯಲ್ಲಿ ಬೇರೊಂದು ಕಷ್ಟ ಇತ್ತು. ತಳದ ತಗಡು ತುಕ್ಕು ಹಿಡಿದು ಅಲ್ಲಲ್ಲಿ ತೂತು ಬಿದ್ದಿತ್ತು, ಅಪ್ಪ ಎಣ್ಣೆ ಡಬ್ಬಿಯ ತಗಡು ಬಡಿದಿದ್ದರೂ ಡೀಸೆಲ್ ಹೊಗೆ ಒಳಗೆ ಬರುತ್ತಿತ್ತು. ಗಾಡಿ ತೊಟ್ಟಿಲ ಹಾಗೆ ತೂಗುತ್ತಿತ್ತು. ಹರಪನಹಳ್ಳಿ ದಾಟುವುದರೊಳಗೆ ನನಗೆ ವಾಂತಿ. ಪ್ರತಿ ಸಲ ಅಪ್ಪ ಗಾಡಿ ನಿಲ್ಲಿಸಬೇಕು, ನಾನು ಇಳಿದು ಬೇಲಿಯ ಬುಡಕ್ಕೆ ಹೋಗಬೇಕು, ಅವ್ವ ಮುಂದಿನ ಸೀಟಿನಿಂದ ನೀರಿನ ಚೊಂಬು ಹಿಡಿದು ಇಳಿಯಬೇಕು. ಡ್ರೈವರನ ಮಗ ಗಾಡಿಯಲ್ಲಿ ವಾಂತಿ ಮಾಡುತ್ತಾನೆ ಎಂದು ಸ್ಟ್ಯಾಂಡಿನಲ್ಲಿ ಬೇರೆ ಡ್ರೈವರುಗಳು ಆಡಿಕೊಂಡಿದ್ದರು. ನನಗೆ ಆಗ ಹನ್ನೆರಡು. ಆ ನಾಚಿಕೆ ನನಗೆ ಅಕ್ಕನ ಬೆನ್ನಿಗಿಂತ ದೊಡ್ಡದಾಗಿತ್ತು ಎಂದು ಈಗ ಬರೆಯುವಾಗ ಕೈ ನಿಲ್ಲುತ್ತದೆ.

ಐದನೆಯ ಸಲ ಅಪ್ಪನಿಗೆ ಮೊದಲೇ ಒಪ್ಪಿಕೊಂಡ ಮದುವೆ ಬಾಡಿಗೆ ಇತ್ತು. ಪದ್ಮಿನಿ ಬಂತು. ಸೀಟು ಚಿಕ್ಕದು, ಅಕ್ಕ ಇನ್ನೂ ಮುದುಡಿ ಮಲಗಬೇಕಾಯಿತು. ಆದರೆ ಗಾಡಿ ಹೋದ ರೀತಿ! ಅಪ್ಪ ಮೂರು ತಾಸು ತೆಗೆದುಕೊಳ್ಳುತ್ತಿದ್ದ ದಾರಿಯನ್ನು ಕಾಕ ಎರಡು ತಾಸಿಗೆ ಮುಗಿಸಿದ. ಎದುರಿಗೆ ಎತ್ತಿನ ಗಾಡಿ ಬಂದರೆ ಬೆರಳಲ್ಲೇ ಸ್ಟೇರಿಂಗು ತಿರುಗಿಸಿ ಪಕ್ಕಕ್ಕೆ ಜಾರಿಸುತ್ತಿದ್ದ. ಜಲ್ಲಿ ಉದುರಿದ ಕಡೆ ಹಿಂಭಾಗ ಸ್ವಲ್ಪ ತೇಲಿದಂತಾಗಿ ಮತ್ತೆ ದಾರಿಗೆ ಬರುತ್ತಿತ್ತು. ಕಿಟಕಿಯಿಂದ ಒಳ್ಳೆಯ ಗಾಳಿ. ನನಗೆ ವಾಂತಿ ಬರಲಿಲ್ಲ. ಅಕ್ಕನ ಬೆರಳುಗಳು ಮಾತ್ರ ಆ ಎರಡು ತಾಸು ಬಿಚ್ಚಲೇ ಇಲ್ಲ. ತಗ್ಗು ಬಂದಾಗ ಮುದುಡುತ್ತಿದ್ದ ಬೆರಳು, ಈಗ ತಗ್ಗು ಬರಬಹುದೆಂದೇ ಮುದುಡಿಕೊಂಡಿದ್ದವು. ನನ್ನ ಅಂಗೈಯಲ್ಲಿ ನಾಲ್ಕು ಕೆಂಪು ಗೆರೆ ಮೂಡಿದ್ದವು. ಅವನ್ನು ನಾನು ಚಡ್ಡಿಗೆ ಒರೆಸಿಕೊಂಡೆ, ಒರೆಸಿದರೆ ಹೋಗುವಂಥವೇನೋ ಎಂಬಂತೆ.

ಮಾರನೆಯ ದಿನ ಊಟದ ಸಾಲಿನಲ್ಲಿ ಮಾತು ಎದ್ದಿತು. ಅಕ್ಕನ ಮಂಚ ಪಡಸಾಲೆಯ ಕಿಟಕಿಯ ಕೆಳಗಿತ್ತು, ಅವಳಿಗೂ ಎಲ್ಲ ಕೇಳುತ್ತಿತ್ತು.

"ಅಣ್ಣಾ, ಸುಮ್ನ ಒಪ್ಕ," ಎಂದ ಕಾಕ. "ಮೂರು ತಾಸು ಅಲಗ್ಯಾಡೋದಕ್ಕಿಂತ ಎರಡು ತಾಸು ಅಲಗ್ಯಾಡೋದು ಚಲೋ. ಒಂದು ತಾಸು ಬ್ಯಾನಿ ಉಳೀತಲ್ಲ ಹುಡುಗಿಗೆ."

"ಎಷ್ಟೊತ್ತು ಅಂತ ಅಲ್ಲ ಸಿದ್ದ್ಯಾ, ಎಷ್ಟು ಅಂತ ನೋಡ್ಬೇಕು. ನಿಂದು ಹಗುರು ಗಾಡಿ, ಎತ್ತಿ ಒಗಿತೈತಿ. ನಂದು ಕುಂತಲ್ಲೇ ಕುಂದ್ರತೈತಿ."

"ಕುಂದ್ರತೈತಿ ಖರೆ, ಏಳಂಗಿಲ್ಲ ಅಷ್ಟೇ."

ಚಿಗವ್ವ ನಕ್ಕಳು. ಅವ್ವ ನಗಲಿಲ್ಲ, ರೊಟ್ಟಿಯನ್ನು ಸ್ವಲ್ಪ ಜೋರಾಗಿಯೇ ಕಾಕನ ತಟ್ಟೆಗೆ ಹಾಕಿದಳು. ಅಪ್ಪ ಪಡಸಾಲೆಯ ಕಡೆ ತಿರುಗಿದ.

"ಶಾಂತಾ, ನೀ ಹೇಳವ್ವ. ಯಾವುದು ಬೇಸಿ?"

"ಎರಡೂ ಅಡ್ಡಿಲ್ಲಪ್ಪ," ಎಂದಿತು ಒಳಗಿನಿಂದ ದನಿ.

ಅಕ್ಕ ಬೇರೆ ಏನು ಹೇಳಲು ಸಾಧ್ಯವಿತ್ತು? ಅವಳನ್ನು ಕೂಸಿದ್ದಾಗಿನಿಂದ ಹೆಗಲ ಮೇಲೆ ಹೊತ್ತು ತಿರುಗಿದವನು ಕಾಕ. ಒಂದು ಗಾಡಿ ಒಳ್ಳೆಯದು ಎಂದರೆ ಇನ್ನೊಂದು ಒಲೆ ಆರುತ್ತದೆ ಎಂದು ಆ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ತಿಳಿದವರಿರಲಿಲ್ಲ. ಅಪ್ಪನಿಗೆ ಅದು ಹೊಳೆಯಲಿಲ್ಲ. ಬಾಡಿಗೆ ಗಾಡಿಯವರಿಗೆ ಒಂದು ರೂಢಿ ಉಂಟು, ಗಾಡಿ ಹೇಗೆ ಓಡುತ್ತದೆ ಎಂದು ಮಾಲೀಕನನ್ನಾಗಲಿ ಪ್ರಯಾಣಿಕರನ್ನಾಗಲಿ ಕೇಳುವುದಿಲ್ಲ, ಕ್ಲೀನರನನ್ನು ಕೇಳುತ್ತಾರೆ. ಅವನಿಗೆ ಗಾಡಿ ಸ್ವಂತದ್ದಲ್ಲ, ಕೊಟ್ಟ ದುಡ್ಡೂ ತನ್ನದಲ್ಲ, ಆದ್ದರಿಂದ ಸುಳ್ಳು ಹೇಳುವುದಿಲ್ಲ ಎಂದು ನಂಬಿಕೆ. ಅಪ್ಪ ನನ್ನ ಕಡೆ ತಿರುಗಿದ.

"ಕೊಟ್ರ್ಯಾ, ಕಾಲು ಹಿಡಕಂಡು ಕುಂತಾವ ನೀನು. ನಿನಗ ಗೊತ್ತಿರ್ತೈತಿ. ಯಾವುದರಾಗ ಅಕ್ಕಗ ಬ್ಯಾನಿ ಕಡಿಮಿ ಆತು?"

ಎಲ್ಲರ ಕೈಯೂ ತಟ್ಟೆಯಲ್ಲಿ ನಿಂತಿತು. ನನ್ನ ಕಣ್ಣ ಮುಂದೆ ಬೇಲಿಯ ಬುಡ ಬಂತು, ನೀರಿನ ಚೊಂಬು ಬಂತು.

"ಕಾಕನ ಗಾಡ್ಯಾಗ," ಎಂದೆ.

"ಖರೆ ಹೇಳ್ತೀಯೇನು?"

"ಖರೆ ಅಪ್ಪ. ಬೆರಳು ಮಡಚಲೇ ಇಲ್ಲ ಅಕ್ಕ."

ಕಾಕ ನನ್ನ ಬೆನ್ನ ಮೇಲೆ ಒಂದು ಗುದ್ದಿ, "ನೋಡು, ಇವ ಹುಟ್ಟಾ ಡ್ರೈವರು!" ಎಂದ. ಅಪ್ಪ ಊಟ ಮುಗಿಸಿ ಕೈ ತೊಳೆದು, ಅಂಬಾಸಿಡರಿನ ಡಿಕ್ಕಿಯಿಂದ ಎರಡು ಚೀಲ ಜೋಳವನ್ನು ಒಬ್ಬನೇ ಇಳಿಸಿ ಒಳಗೆ ತಂದಿಟ್ಟ.

ಆಮೇಲೆ ಎರಡೂವರೆ ತಿಂಗಳು ಅಕ್ಕ ಪದ್ಮಿನಿಯಲ್ಲಿ ಹೋದಳು. ಕಾಕ ಬೇಕಂತ ಕೆಟ್ಟದಾಗಿ ಓಡಿಸಿದನೆಂದು ನಾನು ಎಂದೂ ಹೇಳುವುದಿಲ್ಲ. ದಾವಣಗೆರೆಯ ಗುಜರಿಯಿಂದ ಶಾಕ್ ಅಬ್ಸಾರ್ಬರ್ ಹುಡುಕಿ ತಂದು ಹಾಕಿಸಿದ, ಚಿಗವ್ವನ ತವರಿನ ಹತ್ತಿ ಹಾಸಿಗೆ ಮಡಿಸಿ ಹಾಸಿದ. ಬೇರೆ ಬಾಡಿಗೆ ಬಿಟ್ಟು ಆ ದಿನಗಳನ್ನು ಖಾಲಿ ಇಟ್ಟುಕೊಂಡ. ಆದರೆ ಹಗುರ ಗಾಡಿ, ಗಿಡ್ಡ ಗಾಡಿ, ಆ ರಸ್ತೆ. ನಾನು ಪ್ರತಿ ಸಲ ಪಾದ ಹಿಡಿದು ಕೂರುತ್ತಿದ್ದೆ. ಪ್ರತಿ ಸಲ ಮನೆಗೆ ಬಂದ ಮೇಲೆ ಅಕ್ಕ ಎರಡು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಅವ್ವ ಅಂಬಲಿ ಕುಡಿಸಲು ಹೋದರೆ ಬೇಡ ಎಂದು ಕೈ ಅಲ್ಲಾಡಿಸುತ್ತಿದ್ದಳು. ನಾನು ಆ ಎರಡು ದಿನ ಪಡಸಾಲೆಯೊಳಗೆ ಹೋಗುತ್ತಿರಲಿಲ್ಲ, ಕೊಟ್ಟಿಗೆಯಲ್ಲಿ ಪಾನೆ ಒರೆಸುತ್ತಾ ಕೂರುತ್ತಿದ್ದೆ.

ಬಿಸಿಲು ಏರಿದ ಮೇಲೆ ಒಂದು ಸಲ, ಹರಪನಹಳ್ಳಿ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಪದ್ಮಿನಿ ಎರಡು ಸಲ ಜಗ್ಗಿದಂತೆ ಮಾಡಿ ನಿಂತಿತು. ಎಂಜಿನ್ ಕಾದು ಪೆಟ್ರೋಲ್ ಪಂಪಿನಲ್ಲಿ ಆವಿ ಹಿಡಿದಾಗ ಹಳೇ ಗಾಡಿ ಹೀಗೆ ನಿಲ್ಲುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಂಪು ಮಾಡಬೇಕು. ಇದ್ದ ಕುಡಿಯುವ ನೀರನ್ನೆಲ್ಲ ಕಾಕ ಬಟ್ಟೆಗೆ ಸುರಿದ, ಸಾಲಲಿಲ್ಲ. ಅವ್ವ, ಕಾಕ ಇಬ್ಬರೂ ಡಬ್ಬಿ ಹಿಡಿದು ಹೊಲದಾಚೆಯ ಪಂಪ್‌ಸೆಟ್ಟಿಗೆ ಹೋದರು. ಕಾರಿನ ನಾಲ್ಕೂ ಬಾಗಿಲು ತೆಗೆದಿಟ್ಟು ಅಕ್ಕ, ನಾನು ಉಳಿದೆವು. ತಗಡು ಕಾದು ಟಿಕ್ ಟಿಕ್ ಅನ್ನುತ್ತಿತ್ತು. ಅಕ್ಕ ಸೆರಗು ತೆಗೆದು ನನ್ನನ್ನು ನೋಡಿದಳು. ಅವಳ ಕೆನ್ನೆ ಅಷ್ಟು ಒಳಗೆ ಹೋಗಿದ್ದನ್ನು ನಾನು ಗಮನಿಸಿರಲೇ ಇಲ್ಲ.

"ಕೊಟ್ರ್ಯಾ, ಅವತ್ತು ಯಾಕ ಹಂಗ ಹೇಳಿದಿ?"

ನಾನು ಪಾದ ನೋಡುತ್ತಲೇ ಹೇಳಿದೆ, "ಅದರಾಗ ನನಗ ವಾಂತಿ ಬರ್ತೈತಕ್ಕ."

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ನಕ್ಕಳು. ನಕ್ಕರೂ ನೋವಾಯಿತೇನೋ, ತುಟಿ ಕಚ್ಚಿಕೊಂಡಳು.

"ಅಷ್ಟೇನ? ಹುಚ್ಚಪ್ಪ. ಕಿಟಕಿ ಹೊರಗ ತೆಲಿ ಹಾಕಿ ಮಾಡಿದ್ರ ಆಗಿತ್ತು. ಅದಕ್ಯಾಕ ನಾಚಿಕಿ?"

"ಅದರಾಗ ನಿನಗ ಬ್ಯಾನಿ ಕಡಿಮಿನಾ?"

ಅವಳು ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡಳು. "ಅಪ್ಪನ ಗಾಡ್ಯಾಗ ಬ್ಯಾನಿ ಬರೋದು ಮೊದಲ ಗೊತ್ತಾಗ್ತೈತಿ ನೋಡು. ಗಾಡಿ ಹಿಂಗ ಇಳಿತೈತಿ, ಹಿಂಗ ಏಳ್ತೈತಿ, ಅಷ್ಟೊತ್ತಿಗೆ ನಾ ಉಸುರು ಹಿಡಕಂಡಿರ್ತೀನಿ. ಇದರಾಗ ಹೇಳದ ಕೇಳದ ಬಂದು ಹೊಡಿತೈತಿ. ಉಸುರು ಹಿಡಿಯಾಕ ಪುರಸೊತ್ತ ಇಲ್ಲ."

ಗಾಡಿಗಳ ವಿಷಯವಾಗಿ ಆಮೇಲೆ ನಾನು ಎಷ್ಟೋ ಮಿಸ್ತ್ರಿಗಳ ಮಾತು ಕೇಳಿದ್ದೇನೆ. ಎರಡು ಗಾಡಿಗಳ ವ್ಯತ್ಯಾಸವನ್ನು ಅಷ್ಟು ಸರಿಯಾಗಿ ಹೇಳಿದವರು ಇನ್ನೊಬ್ಬರಿಲ್ಲ.

"ನಾ ಅಪ್ಪಗ ಹೇಳ್ತೀನಿ," ಎಂದೆ.

"ಬ್ಯಾಡ. ಈಗ ಹೇಳಿದ್ರ ಕಾಕಗ ಕೆಟ್ಟ ಅನಿಸ್ತೈತಿ. ನನ್ನ ಸಲುವಾಗಿ ಬಾಡಿಗಿ ಬಿಟ್ಟು ಕುಂತಾನ ಅವ. ಇನ್ನ ನಾಲ್ಕು ಸಲ ಇರಬೇಕು. ತಡಕಂತೀನಿ."

ನಾನು ನಾಲ್ಕು ದಿನ ತಡೆದುಕೊಂಡೆ. ಐದನೆಯ ದಿನ ಊಟದ ಸಾಲಿನಲ್ಲಿ, ಯಾರೂ ಕೇಳದೆ, ನಾನೇ ಹೇಳಿಬಿಟ್ಟೆ. ಅಪ್ಪ, ನಾ ಅವತ್ತು ಸುಳ್ಳು ಹೇಳಿದ್ದೆ, ನಿನ್ನ ಗಾಡ್ಯಾಗ ಅಕ್ಕಗ ಆರಾಮ, ಕಾಕನ ಗಾಡ್ಯಾಗ ಬೆರಳು ಬಿಚ್ಚದಂಗ ಬ್ಯಾನಿ ಆಗ್ತೈತಿ. ಒಂದೇ ಉಸಿರಿಗೆ ಹೇಳಿದೆ. ಹೇಳಿದ ಮೇಲೆ ಎಲ್ಲ ಸರಿಹೋಗುತ್ತದೆ ಎಂದು ನನ್ನ ಎಣಿಕೆ. ಅಪ್ಪ ತುತ್ತು ಬಾಯಿಗೆ ಹೋಗುವ ಮೊದಲೇ ಕೈ ಇಳಿಸಿದ. ಕಾಕ ನನ್ನನ್ನು ನೋಡಲಿಲ್ಲ, ಅಪ್ಪನನ್ನು ನೋಡಿದ.

"ಯಾರು ಹೇಳಿಕೊಟ್ರು ಅಣ್ಣಾ ಇವಗ?"

"ಯಾರು ಹೇಳಿಕೊಡ್ತಾರಲೇ? ನನಗೂ ಈಗ ಕಿವಿಗೆ ಬಿತ್ತು."

"ಎರಡೂವರಿ ತಿಂಗಳು ಸುಮ್ನಿದ್ದ ಹುಡುಗ ಇವತ್ತು ಬಾಯಿ ಬಿಡ್ತಾನಂದ್ರ ಯಾರೋ ಹೇಳಿಕೊಟ್ಟಿರಬೇಕು. ನಿನ್ನ ಎಮ್ಮಿ ಮೂಲ್ಯಾಗ ನಿಂತಿದ್ದು ನಿನಗ ತಡಿಲಿಲ್ಲ ಅಲ್ಲೇನು? ಹುಡುಗನ ಬಾಯಿಲೆ ನನಗ ಹೊಡಸ್ತೀಯ?"

"ಸಿದ್ದಪ್ಪ, ಮಾತು ಹಿಡಿದು ಆಡು," ಎಂದಳು ಅವ್ವ. "ಮಲಗಿದಾಕಿ ನನ್ನ ಮಗಳು. ಗಾಡಿ ಮ್ಯಾಲಾಟ ಆಡಾಕ ನಮಗ ಹೊತ್ತಿಲ್ಲ."

"ನನ್ನ ಮಗಳಲ್ಲ ಹಂಗಾರ?" ಎಂದ ಕಾಕ. "ಅತ್ತಿಗಿ, ಆಕಿ ನನ್ನ ಮಗಳಲ್ಲ?"

ಅಪ್ಪ ಎದ್ದು ಪಡಸಾಲೆಗೆ ಹೋದ. ನಾವೆಲ್ಲ ಹಿಂದೆ ಹೋದೆವು, ಎಂಜಲ ಕೈಯಲ್ಲೇ. ಅಪ್ಪ ಮಂಚದ ಹತ್ತಿರ ಕೂತು ಕೇಳಿದ, "ಶಾಂತಾ, ನೀನಾ ಹೇಳವ್ವ ಈಗ. ಇವ ಹೇಳೋದು ಖರೇನಾ?" ಅವಳು ಖರೆ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಅವಳು ಅಪ್ಪನನ್ನು ನೋಡಿದಳು. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಕಾಕನನ್ನು ನೋಡಿದಳು. ನನ್ನನ್ನು ನೋಡಲಿಲ್ಲ.

"ಎರಡೂ ಅಡ್ಡಿಲ್ಲಪ್ಪ," ಎಂದಳು.

ಅಪ್ಪ ನನ್ನನ್ನು ಹೊಡೆಯಲಿಲ್ಲ. "ನಿನ್ನ ಮಾತು ಇನ್ನ ಮ್ಯಾಲ ನಾ ಕೇಳಂಗಿಲ್ಲ," ಎಂದಷ್ಟೇ ಹೇಳಿದ. ಸುಳ್ಳಿಗೆ ಬೆನ್ನು ತಟ್ಟಿಸಿಕೊಂಡಿದ್ದೆ, ನಿಜಕ್ಕೆ ಇದು ಸಿಕ್ಕಿತು. ಕಾಕ ಮಾತ್ರ, ತನ್ನ ಗಾಡಿ ಇನ್ನು ಬರುವುದಿಲ್ಲ ಎಂದು ಹೇಳಿ ಹೊರಗೆ ಹೋದ. ಮರುದಿನ ಬೆಳಿಗ್ಗೆ ನಾನು ಎದ್ದಾಗ ಅಡಿಗೆಮನೆಯಲ್ಲಿ ಒಂದೇ ಒಲೆ ಉರಿಯುತ್ತಿತ್ತು. ಚಿಗವ್ವ ಹಿತ್ತಲಿನ ತಡಿಕೆಯ ಕೆಳಗೆ ಮೂರು ಕಲ್ಲು ಹೂಡಿಕೊಂಡಿದ್ದಳು. ಒಂದೇ ಸಾಲಿನ ಊಟ ಅಲ್ಲಿಗೆ ನಿಂತಿತು. ಕೊಟ್ಟಿಗೆಯಲ್ಲಿ ಎರಡು ಗಾಡಿಗಳು ಮೊದಲಿನಂತೆಯೇ ಪಕ್ಕಪಕ್ಕ ನಿಂತಿದ್ದವು, ಕಿಟಕಿಯಿಂದ ಮಾತು ಎಸೆಯುವವರು ಮಾತ್ರ ಇರಲಿಲ್ಲ. ನಾನು ಅಕ್ಕನ ಮೇಲೆ ಸಿಟ್ಟಾಗಿದ್ದೆ. ಅವಳು ಕರೆದರೂ ಹೋಗಲಿಲ್ಲ. ಆ ದಿನಗಳಲ್ಲಿ ಅವಳು ಅವ್ವನ ಹೆಗಲು ಹಿಡಿದು ಬಚ್ಚಲಿಗೆ ನಡೆದು ಹೋಗುವುದನ್ನು ಬಿಟ್ಟಿದ್ದಳು. ಸುಸ್ತು ಎನ್ನುತ್ತಿದ್ದಳು. ಮನೆಯ ಜಗಳಕ್ಕೆ ಮನಸ್ಸು ಕೆಟ್ಟಿದೆ, ಅದಕ್ಕೇ ಎಂದು ಅವ್ವ ಮಂಚದ ಹತ್ತಿರವೇ ಎಲ್ಲ ಮಾಡಿಸುತ್ತಿದ್ದಳು.

ಮುಂದಿನ ಸಲ ಅಪ್ಪ ಮತ್ತೆ ಜೋಳದ ಚೀಲ ಹೇರಿದ, ಗಾಳಿ ಇಳಿಸಿದ. ಹೊರಡುವಾಗ ಕಾಕ ಕೊಟ್ಟಿಗೆಯಲ್ಲೇ ಇದ್ದ, ತಲೆ ಎತ್ತಲಿಲ್ಲ. ಅಂಬಾಸಿಡರು ತನ್ನ ಹಳೆಯ ನಡಿಗೆಯಲ್ಲಿ ಹೊರಟಿತು. ಅಪ್ಪ ಅಷ್ಟು ಮೃದುವಾಗಿ ಗಾಡಿ ಓಡಿಸಿದ್ದನ್ನು ನಾನು ನೋಡಿರಲಿಲ್ಲ. ತಗ್ಗು ಕಂಡರೆ ದೂರದಿಂದಲೇ ಗೇರು ಇಳಿಸಿ, ಒಂದೊಂದು ಗಾಲಿಯನ್ನಾಗಿ ಇಳಿಸಿ, ಒಂದೊಂದು ಗಾಲಿಯನ್ನಾಗಿ ಹತ್ತಿಸುತ್ತಿದ್ದ. ನಾನು ಪಾದ ಹಿಡಿದುಕೊಂಡಿದ್ದೆ. ಮೊದಲ ತಗ್ಗು ಬಂತು, ಬೆರಳು ಅಲುಗಲಿಲ್ಲ. ಎರಡನೆಯದು ಬಂತು, ಇಲ್ಲ. ಹರಪನಹಳ್ಳಿಯ ಆಚೆ ಒಂದು ಮೋರಿಯ ಹತ್ತಿರ ರಸ್ತೆಯೇ ಕುಸಿದು ಹೋಗಿತ್ತು. ಅಲ್ಲಿ ಎಂಥ ಗಾಡಿಯಾದರೂ ದಡಕ್ಕನೆ ಬೀಳಲೇಬೇಕು. ಬಿತ್ತು. ಮುಂದಿನ ಸೀಟಿನಲ್ಲಿ ಅವ್ವ "ಅಯ್ಯೋ" ಎಂದಳು. ನನ್ನ ಅಂಗೈಯಲ್ಲಿ ಅಕ್ಕನ ಬೆರಳುಗಳು ನಿದ್ದೆ ಹೋದ ಕೂಸಿನವುಗಳಂತೆ ಇದ್ದವು. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ! ನಾನು ಹೇಳಿದ್ದು ನಿಜವಾಯಿತು ಎಂಬ ಸಂತೋಷ ಅದು.

"ಅಪ್ಪಾ, ಬ್ಯಾನೀನ ಆಗಲಿಲ್ಲ ನೋಡು! ಬೆರಳು ಒಂದೀಟೂ ಮಡಚಲಿಲ್ಲ!"

ಅಪ್ಪ ತಿರುಗಿ ನೋಡಲಿಲ್ಲ. ಆದರೆ ಅವನ ಹೆಗಲು ಇಳಿದದ್ದು ಕಂಡಿತು. "ಎಮ್ಮಿ ಎಮ್ಮೀನ," ಎಂದ, ಮೊದಲಿನ ದನಿಯಲ್ಲಿ. ದೂರದಲ್ಲಿ ಉಚ್ಚಂಗಿದುರ್ಗದ ಗುಡ್ಡ ಕಾಣುವ ಕಡೆ ಅವ್ವ ಗುಡ್ಡದ ದೇವಿಗೆ ಕೈ ಮುಗಿದಳು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಇದ್ದದ್ದು ನಗು ಎಂದೇ ನಾನು ತಿಳಿದೆ.

ಆಸ್ಪತ್ರೆಯಲ್ಲಿ ವೈದ್ಯರು ಅಕ್ಕನಿಗೆ ಕಣ್ಣು ಮುಚ್ಚಲು ಹೇಳಿದರು. ಸ್ಕೂಟರಿನ ಕೀಲಿ ತೆಗೆದು ಬಲಪಾದದ ತಳಕ್ಕೆ ಗೀರಿದರು. ಯಾವ ಕಾಲು ಎಂದು ಕೇಳಿದರು. ಅಕ್ಕ ಸ್ವಲ್ಪ ತಡೆದು "ಎಡಗಾಲು" ಎಂದಳು. ಮತ್ತೆ ಎಡದ ತಳಕ್ಕೆ ಗೀರಿದರು. "ಎಡಗಾಲು" ಎಂದಳು ಮತ್ತೆ. ಮೂರನೆಯ ಸಲ ವೈದ್ಯರು ಕೀಲಿಯನ್ನು ಕೈಯಲ್ಲೇ ಹಿಡಿದುಕೊಂಡು, ಏನೂ ಮುಟ್ಟಿಸದೆ ಕೇಳಿದರು. "ಈಗ ಬಲಗಾಲು," ಎಂದಳು ಅಕ್ಕ, ಎಲ್ಲರಿಗೂ ಸಮಾಧಾನವಾಗುವಂಥ ದನಿಯಲ್ಲಿ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ವಾರದಿಂದ ಕಾಲು ಜೋಮು ಹಿಡಿದಂತಿತ್ತು, ಮಲಗಿ ಮಲಗಿ ಹಾಗಾಗಿದೆ ಎಂದುಕೊಂಡೆ ಎಂದು ಅವಳು ಆಮೇಲೆ ಹೇಳಿದಳು. ಕೀವು ಸೇರಿ ನರಹುರಿಯನ್ನು ಒತ್ತಿದೆ, ನರ ಸತ್ತಿದ್ದರೆ ತಿರುಗಿ ಬರುವುದು ಕಷ್ಟ, ಇಲ್ಲಿ ಇನ್ನು ಮಾಡುವಂಥದ್ದೇನೂ ಇಲ್ಲ, ಮನೆಯಲ್ಲೇ ಮಲಗಿಸಿ ಔಷಧಿ ಕೊಡಿ ಎಂದು ವೈದ್ಯರು ಹೇಳಿದರು. ಅಪ್ಪ ಕೈ ಕಟ್ಟಿಕೊಂಡು ಕೇಳಿದ, "ಗಾಡ್ಯಾಗ ಕುಲುಕಿದ್ದಕ್ಕ ಆತೇನ್ರಿ ಸಾಹೇಬ್ರ?" ಅದರಿಂದ ಆಯಿತು ಎಂದೂ ಹೇಳಲಾಗುವುದಿಲ್ಲ, ಆಗಿಲ್ಲ ಎಂದೂ ಹೇಳಲಾಗುವುದಿಲ್ಲ ಎಂದರು. ಆ ಉತ್ತರವನ್ನು ನಾನು ಇಷ್ಟು ವರ್ಷ ಎರಡೂ ಕಡೆಯಿಂದ ತಿರುವಿ ನೋಡಿದ್ದೇನೆ. ಅಕ್ಕ ಅದಾದ ಮೇಲೆ ಹನ್ನೊಂದು ವರ್ಷ ಆ ಪಡಸಾಲೆಯ ಮಂಚದ ಮೇಲಿದ್ದಳು. ನಾನು ಬಿಟ್ಟುಬಂದ ಪಾಠಗಳನ್ನು ಹೇಳಿಕೊಟ್ಟವಳೂ ಅವಳೇ. ಒಂದು ದಿನವೂ ಕಾರಿನ ಮಾತು ಎತ್ತಲಿಲ್ಲ.

ವಾಪಸ್ಸು ಬರುವಾಗ ಅಪ್ಪ ಗಾಡಿ ಓಡಿಸಿದ ರೀತಿ ಬೇರೆಯಾಗಿತ್ತು. ದಾವಣಗೆರೆ ದಾಟಿದ್ದೇ ತಡ, ಪೆಡಲನ್ನು ಪೂರ್ತಿ ಒತ್ತಿದ. ಅಂಬಾಸಿಡರಿನ ಹೊಟ್ಟೆಯಲ್ಲಿ ಅಂಥದೊಂದು ವೇಗ ಇದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ತಗ್ಗಿಗೆ ಗೇರು ಇಳಿಸಲಿಲ್ಲ, ದಿಬ್ಬಕ್ಕೆ ಬ್ರೇಕು ತುಳಿಯಲಿಲ್ಲ. ಡಿಕ್ಕಿಯಲ್ಲಿ ಜೋಳದ ಚೀಲಗಳು ಎದ್ದು ಎದ್ದು ಬೀಳುತ್ತಿದ್ದವು. ಇಷ್ಟು ದಿನ ಯಾವುದಕ್ಕಾಗಿ ನಿಧಾನ ಹೋಗುತ್ತಿದ್ದನೋ ಅದು ಇನ್ನು ಇಲ್ಲ ಎಂದು ಅವನ ಕಾಲಿಗೆ ತಿಳಿದುಬಿಟ್ಟಿತ್ತು. ಅವ್ವ ಡ್ಯಾಶ್‌ಬೋರ್ಡ್ ಹಿಡಿದು ಕೂತಿದ್ದಳು. ನಾನು ಪಾದ ಹಿಡಿದುಕೊಂಡೇ ಇದ್ದೆ, ಬಿಡಬೇಕೋ ಹಿಡಿಯಬೇಕೋ ತಿಳಿಯದೆ. ಆಗ ಅಕ್ಕ ಸೆರಗು ತೆಗೆದಳು.

"ಅಪ್ಪಾ, ನಿಧಾನ ಹೋಗಪ್ಪ," ಎಂದಳು. "ಕೊಟ್ರ್ಯಾಗ ವಾಂತಿ ಬರ್ತೈತಿ."

ಅಪ್ಪನ ಕಾಲು ಪೆಡಲಿನ ಮೇಲಿಂದ ಎದ್ದಿತು. ಗಾಡಿ ತನ್ನ ಹಳೆಯ ನಡಿಗೆಗೆ ಬಂತು. ನನಗೆ ಆ ಹೊತ್ತು ವಾಂತಿ ಬಂದಿರಲಿಲ್ಲ. ಆದರೂ ಅವಳ ಮಾತು ಸುಳ್ಳಾಗಬಾರದೆಂದು ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಹರಪನಹಳ್ಳಿ ಬರುವವರೆಗೂ ಹಾಗೇ ಕೂತಿದ್ದೆ.